ಸಾದಾ ಪೆಟ್ರೋಲ್, ಮೂವತ್ತೆರಡು ಲೀಟರ್

ತೈಲ ಡಿಪೋದಲ್ಲಿ ಮೂವತ್ತೊಂದು ವರ್ಷ ಟ್ಯಾಂಕುಗಳ ಆಳ ಅಳೆದು ನಿವೃತ್ತರಾದ ಮನುಷ್ಯನಿಗೆ ಸೊಸೆ ಪೆಟ್ರೋಲಿನ ಪಾಠ ಹೇಳಿದ್ದು ಒಂದು ಭಾನುವಾರ, ತಿಂಡಿಯ ಹೊತ್ತಿಗೆ. ಪಾಠ ಹೇಳಬೇಕೆಂದು ಅವಳೇನೂ ಕೂತಿರಲಿಲ್ಲ. ಹಿಂದಿನ ದಿನ ಟ್ರ್ಯಾಕಿನಲ್ಲಿ ಏನಾಯಿತೆಂದು ಗಂಡ ಕೇಳಿದ, ಅವಳು ಹೇಳುತ್ತಿದ್ದಳು. ಎದುರಿಗೆ ಕೂತಿದ್ದ ಮಾವ ಬಾಯಿ ಹಾಕಿದರು.

ಬೀದಿಯವರೆಲ್ಲ ಅವರನ್ನು ‘ಡಿಪೋದವರು’ ಎಂದೇ ಕರೆಯುತ್ತಿದ್ದರು. ಆ ಹೆಸರು ಅವರಿಗೆ ಇಷ್ಟವೂ ಆಗಿತ್ತು. ಯಾರದಾದರೂ ಸ್ಕೂಟರ್ ಕೆಮ್ಮಿದರೆ, ಯಾರಾದರೂ ಹೊಸ ಗಾಡಿ ಕೊಂಡರೆ ಸಲಹೆ ಕೇಳಲು ಇವರ ಗೇಟಿನ ಮುಂದೆ ನಿಲ್ಲುತ್ತಿದ್ದರು. ಸಲಹೆ ಯಾವಾಗಲೂ ಒಂದೇ. ದುಬಾರಿ ಪೆಟ್ರೋಲ್ ಹಾಕಿಸಿ ಮೋಸ ಹೋಗಬೇಡಿ, ಎಲ್ಲ ಒಂದೇ.

ಮನೆಗೆ ಇದ್ದದ್ದು ಒಂದೇ ಕಾರು. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವವನು. ಅವನಿಗೆ ಕಾರೆಂದರೆ ನಾಲ್ಕು ಚಕ್ರ, ಅಷ್ಟೇ. ಅದರ ಹುಚ್ಚು ಸೊಸೆಯದು. ಅವಳು ಲೋಹ ಕಡೆಯುವ ಲೇತ್ ಯಂತ್ರದ ಕೆಲಸದವಳು. ಹಳೆಯ ಕಾರನ್ನು ಕೊಂಡು, ಹದಿನಾಲ್ಕು ತಿಂಗಳ ಭಾನುವಾರಗಳನ್ನು ಅದರ ಕೆಳಗೆ ಮಲಗಿ ಕಳೆದು, ಅದಕ್ಕಿದ್ದ ಸಣ್ಣ ಟರ್ಬೊ ಕಿತ್ತು ದೊಡ್ಡದನ್ನು ಕೂಡಿಸಿದ್ದಳು. ಹೊರಗೆ ಹೋಗುವ ಹೊಗೆಯ ರಭಸದಲ್ಲೇ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ ಅದು. ಅದಕ್ಕೆ ಬೇಕಾದ ಎರಡು ಬಿಡಿಭಾಗಗಳನ್ನು ಊಟದ ವಿರಾಮದಲ್ಲಿ ತಾನೇ ಲೇತಿನಲ್ಲಿ ಕಡೆದಿದ್ದಳು. ಅತ್ತೆ ಮನೆಯಲ್ಲೇ ಪರದೆ ಹೊಲಿಯುತ್ತಿದ್ದರು. ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ ಮಗನನ್ನು ಛೇಡಿಸುತ್ತಿದ್ದರು. “ನಿನ್ನ ಹೆಂಡತಿಗೆ ನೀನು ಎರಡನೆಯವನು ಕಣೋ. ಮೊದಲನೆಯವನು ಅಂಗಳದಲ್ಲಿ ನಿಂತಿದ್ದಾನೆ.”

ಊರಾಚೆ ಹಳೆಯ ವಿಮಾನ ಪಟ್ಟಿಯನ್ನು ಸುತ್ತುದಾರಿ ಮಾಡಿಕೊಂಡ ಒಂದು ಟ್ರ್ಯಾಕ್ ಇತ್ತು. ಮೂರು ವಾರಕ್ಕೊಮ್ಮೆ ಶನಿವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ದಿನಕ್ಕೆ ನಾಲ್ಕು ಸರದಿ. ಅಲ್ಲಿನ ಮುಖ್ಯ ತರಬೇತುದಾರ ಸೊಸೆಗೆ ಒಂದು ಮಾತು ಕೊಟ್ಟಿದ್ದ. ಸತತ ಮೂರು ಟ್ರ್ಯಾಕ್ ದಿನ, ನಾಲ್ಕೂ ಸರದಿ, ಕಾರು ಕೆಡದೆ, ಸುತ್ತಿನಿಂದ ಸುತ್ತಿಗೆ ವೇಳೆ ಏರುಪೇರಾಗದೆ, ದಿನದಿಂದ ದಿನಕ್ಕೆ ಹಿಂದೆ ಬೀಳದೆ ಓಡಿಸಿದರೆ ವಾರದ ಕೊನೆಯ ಎರಡು ದಿನ ಹೊಸಬರಿಗೆ ಕಲಿಸುವ ಕೆಲಸ ಅವಳದು. ಎಂಟು ಗಂಟೆ ಲೇತ್ ಮುಂದೆ ನಿಂತು ಅವಳ ಮೊಣಕಾಲು ಊದುತ್ತಿತ್ತು. ಕೂತು ಮಾಡುವ ಕೆಲಸ, ಅದೂ ಇಷ್ಟದ ಕೆಲಸ. ಅವಳು ಬೇರೆ ಏನನ್ನೂ ಅಷ್ಟು ಬಯಸಿದ್ದನ್ನು ಮನೆಯವರು ನೋಡಿರಲಿಲ್ಲ.

ಮೊದಲನೆಯ ದಿನಕ್ಕೆ ತೊಂಬತ್ತೈದು ಆಕ್ಟೇನಿನ ಪೆಟ್ರೋಲ್ ಹಾಕಿಕೊಂಡು ಹೋಗಿದ್ದಳು. ನಾಲ್ಕೂ ಸರದಿ ಮುಗಿಸಿದ್ದಳು ನಿಜ, ಆದರೆ ಲ್ಯಾಪ್‌ಟಾಪ್ ಹಿಡಿದು ಬಂದು ಎಂಜಿನ್ ಹದಮಾಡುವ ಟ್ಯೂನರ್ ಕಾರಿನ ದಾಖಲೆ ತೆಗೆದು ನೋಡಿ ತುಟಿ ಕಚ್ಚಿದ್ದ. ಬಿಸಿಲೇರಿದ ಮೇಲೆ, ಪ್ರತಿ ಸರದಿಯ ಮೂರನೇ ಸುತ್ತಿನಿಂದ ಎಂಜಿನ್ ಬಡಿಯಲು ಶುರುವಾಗಿದೆ. ಕಂಪ್ಯೂಟರ್ ಕಿಡಿಯನ್ನು ತಡಮಾಡಿ ಹೇಗೋ ಉಳಿಸಿಕೊಂಡಿದೆ. ಪಿಸ್ಟನ್‌ಗಳು ಹಳೆಯವು. ಇನ್ನೊಮ್ಮೆ ಹೀಗೆ ಮಾಡಿದರೆ ಉಳಿಯುವ ಭರವಸೆ ಇಲ್ಲ. ಇದನ್ನೇ ಅವಳು ಗಂಡನಿಗೆ ಹೇಳುತ್ತಿದ್ದಳು. ಮುಂದಿನ ಸಲ ತೊಂಬತ್ತೆಂಟೇ ಬೇಕು ಎಂದಳು.

ಡಿಪೋದವರು ರೊಟ್ಟಿ ಮುರಿಯುತ್ತ ನಕ್ಕರು. ಆ ಅಂಕಿಗಳೆಲ್ಲ ಬೋರ್ಡಿನ ಮೇಲೆ ಬರೆಯುವುದಕ್ಕೆ ಎಂದರು.

“ಮಾವ, ಆಕ್ಟೇನ್ ಅಂದ್ರೆ ಪೆಟ್ರೋಲಿನ ಶಕ್ತಿ ಅಲ್ಲ, ತಾಳಿಕೊಳ್ಳೋ ಗುಣ,” ಎಂದಳು ಸೊಸೆ. “ಟರ್ಬೊ ಗಾಳಿ ಒತ್ತಿ ತುಂಬುತ್ತೆ, ಒಳಗೆ ಕಾವು ಏರುತ್ತೆ. ಕಿಡಿ ಬರೋವರೆಗೆ ಪೆಟ್ರೋಲ್ ಕಾಯ್ಬೇಕು. ಸಾದಾದು ಕಾಯಲ್ಲ, ತಾನಾಗೇ ಹೊತ್ಕೊಳ್ಳುತ್ತೆ. ಅದೇ ಬಡಿತ.”

“ನಾನು ಮೂವತ್ತೊಂದು ವರ್ಷ ನೋಡಿದೀನಮ್ಮ. ಎಲ್ಲ ಬಂಕಿನ ಲಾರಿಗೂ ಒಂದೇ ಪೈಪಿಂದ ತುಂಬ್ತಿದ್ವಿ. ಬಂಕಿನ ಬಣ್ಣ ಬೇರೆ, ಬೋರ್ಡು ಬೇರೆ. ಒಳಗಿರೋದು ಒಂದೇ.”

“ತೊಂಬತ್ತೆಂಟು ನಿಮ್ಮ ಡಿಪೋಗೆ ಬರ್ತಿತ್ತಾ?”

ಡಿಪೋದವರು ಚಹಾ ಆರಿಹೋಗಿದೆ ಎಂದು ಹೆಂಡತಿಗೆ ಹೇಳಿದರು. ಬರುತ್ತಿರಲಿಲ್ಲ. ಅದು ಬೇರೆ ಕಡೆಯ ಡಿಪೋದಿಂದ ನೇರವಾಗಿ ಬಂಕುಗಳಿಗೆ ಹೋಗುತ್ತಿತ್ತು. ಅವರು ಅದನ್ನು ಕಣ್ಣಿನಿಂದ ಕಂಡೂ ಇರಲಿಲ್ಲ.

ಮುಂದಿನ ವಾರ ಇನ್ನೊಂದು ವಿಷಯ ಬಂತು. ಟ್ರ್ಯಾಕಿಗೆ ಬರುವ ಒಬ್ಬ ಚಾಲಕ ಎಥನಾಲ್ ಬೆರೆಸಿಕೊಂಡು ಓಡಿಸುತ್ತಿದ್ದ. ಅದು ಒಳಗಿನ ಕಾವನ್ನು ಇಳಿಸುತ್ತದೆ, ಬಡಿತದ ಮಾತೇ ಇಲ್ಲ, ಬೇಕಾದರೆ ಒಂದು ಡ್ರಮ್ ಕೊಡಿಸುತ್ತೇನೆ ಎಂದಿದ್ದ. ಸೊಸೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು, ಬೀನ್ಸ್ ಬಿಡಿಸುತ್ತಲೇ ಲೆಕ್ಕ ಹಾಕಿದಳು. ಟ್ಯಾಂಕಿನಲ್ಲಿ ಉಳಿದದ್ದೆಷ್ಟು, ಬೆರೆಸುವುದೆಷ್ಟು, ಪ್ರಮಾಣ ಎಷ್ಟಕ್ಕೆ ಬಂದು ನಿಲ್ಲುತ್ತದೆ, ಕಾರಿನ ಹಳೆಯ ಪಂಪು ಅಷ್ಟನ್ನು ಎತ್ತಿ ಕೊಡುತ್ತದೆಯೇ. ಮೂರು ಸಂಜೆ ಲೆಕ್ಕ ಹಾಕಿ ಕೊನೆಗೆ ಕಾಗದ ಮಡಿಸಿಟ್ಟಳು. ಡ್ರಮ್ಮಿನಲ್ಲಿ ನಿಜವಾಗಿ ಎಷ್ಟು ಪಾಲು ಎಥನಾಲ್ ಇದೆ ಎಂದು ಕೊಡುವವನಿಗೇ ಗೊತ್ತಿಲ್ಲ, ಬೇಡ ಎಂದಳು.

“ಸೀಲ್ ಇಲ್ಲದ ಡ್ರಮ್ಮು ಮುಟ್ಟಲೂಬಾರದು,” ಎಂದರು ಡಿಪೋದವರು.

“ಅದಕ್ಕೇ ಮಾವ ಬೇಡ ಅಂದಿದ್ದು.”

ಆ ಸಂಜೆ ಇಬ್ಬರೂ ಒಂದೇ ತಟ್ಟೆಯಿಂದ ಹಣ್ಣು ತಿಂದರು. ಅತ್ತೆ ಅದನ್ನು ನೋಡಿ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದ ಎಂದು ಮಗನನ್ನು ಕೇಳಿದರು.

ಹೀಗೆ ತೊಂಬತ್ತೆಂಟೇ ಗಟ್ಟಿಯಾಯಿತು. ಟ್ಯೂನರ್ ಕಾರಿಗೆ ಎರಡು ಸೆಟ್ಟಿಂಗ್ ಬರೆದುಕೊಟ್ಟ. ದಿನದ ಓಡಾಟಕ್ಕೆ ಸಾದಾ ಪೆಟ್ರೋಲಿನದು ಒಂದು, ಟ್ರ್ಯಾಕಿಗೆ ತೊಂಬತ್ತೆಂಟರದು ಇನ್ನೊಂದು. ಸ್ಟಿಯರಿಂಗ್ ಪಕ್ಕದ ಗುಂಡಿ ತಿರುಗಿಸಿದರೆ ಆಯಿತು. ಆದರೆ ಗುಂಡಿಗೆ ಟ್ಯಾಂಕಿನೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು ಎಂದು ಎರಡೆರಡು ಸಲ ಹೇಳಿ ಹೋದ. ಅಂದಿನಿಂದ ಟ್ರ್ಯಾಕ್ ದಿನದ ವಾರದಲ್ಲಿ ಸೊಸೆ ಟ್ಯಾಂಕನ್ನು ತಳಕ್ಕೆ ಇಳಿಸಿ, ಮುಚ್ಚಳಕ್ಕೆ ನೀಲಿ ಟೇಪ್ ಅಂಟಿಸುವ ಪದ್ಧತಿ ಶುರುಮಾಡಿದಳು. ಟೇಪ್ ಇದ್ದರೆ ಯಾರೂ ಪೆಟ್ರೋಲ್ ಹಾಕಿಸುವಂತಿಲ್ಲ.

ಎರಡನೆಯ ದಿನ ಚೆನ್ನಾಗಿ ಮುಗಿಯಿತು. ದಾಖಲೆಯಲ್ಲಿ ಒಂದೇ ಒಂದು ಬಡಿತ ಇರಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ಸೊಸೆ ಅದನ್ನು ಹೇಳಿದಳು, ಮುಖದಲ್ಲಿ ದಣಿವಿನ ಗುರುತೂ ಇರಲಿಲ್ಲ. ಡಿಪೋದವರು ಸುಮ್ಮನಿರಬಹುದಿತ್ತು.

“ನಿನ್ನೆ ಮೋಡ ಇತ್ತು, ಇವತ್ತೂ ತಂಪು,” ಎಂದರು. “ತಂಪಿದ್ರೆ ಯಾವ ಪೆಟ್ರೋಲ್ ಹಾಕಿದ್ರೂ ಬಡಿಯಲ್ಲ.”

ಸೊಸೆ ಚಮಚ ಕೆಳಗಿಟ್ಟಳು. “ನಾನು ಸೋತ್ರೆ ನನ್ನ ಕಾರು ಕಾರಣ, ಗೆದ್ರೆ ಮೋಡ ಕಾರಣ. ಅಲ್ವಾ ಮಾವ?”

“ನಾನೇನು ಸುಳ್ಳು ಹೇಳಿದ್ನಾ?”

“ಸುಳ್ಳಲ್ಲ. ನಿಮ್ಮ ಡಿಪೋ ಬಿಟ್ಟು ಹೊರಗೆ ಪೆಟ್ರೋಲೇ ಇಲ್ಲ ಅನ್ನೋ ಹಾಗೆ ಮಾತಾಡ್ತೀರಿ.”

ಮಗ ಇಬ್ಬರಿಗೂ ಸಾಕು ಎಂದ. ಡಿಪೋದವರು ಕೈ ತೊಳೆದು ಎದ್ದರು. ಇನ್ನು ಮೇಲೆ ಈ ಮನೆಯಲ್ಲಿ ಪೆಟ್ರೋಲಿನ ಬಗ್ಗೆ ನನ್ನ ಬಾಯಿಂದ ಒಂದಕ್ಷರ ಬಂದರೆ ಕೇಳಿ ಎಂದರು. ಮೂರು ವಾರ ಅದನ್ನು ನಡೆಸಿಯೂ ನಡೆಸಿದರು. ಪೆಟ್ರೋಲ್ ಮಾತ್ರವಲ್ಲ, ಸೊಸೆಯೊಡನೆ ಉಪ್ಪು ಕೊಡು ಎನ್ನುವಷ್ಟು ಮಾತೂ ನಿಂತಿತು. ಬೇಕಾದದ್ದನ್ನು ಹೆಂಡತಿಯ ಮೂಲಕ ಕೇಳುತ್ತಿದ್ದರು. ಆಕೆ ಒಂದು ದಿನ ಪರದೆಯ ಅಂಚು ಮಡಿಸುತ್ತ, ನಾನೇನು ಟೆಲಿಫೋನ್ ತಂತಿಯಾ, ಅವಳು ನಿಮ್ಮ ಪಕ್ಕದಲ್ಲೇ ಕೂತಿದ್ದಾಳೆ ಎಂದರು.

ಮೂರನೆಯ ಟ್ರ್ಯಾಕ್ ದಿನಕ್ಕೆ ಎರಡು ದಿನ ಮುಂಚೆ, ಗುರುವಾರ, ಡಿಪೋದವರು ಹೆಂಡತಿಯನ್ನು ಪರದೆ ಬಟ್ಟೆಯ ಸಗಟು ಅಂಗಡಿಗೆ ಕಾರಿನಲ್ಲಿ ಕರೆದುಕೊಂಡು ಹೋದರು. ಆಕೆ ಒಳಗೆ ಬಟ್ಟೆ ನೋಡುತ್ತಿರುವಾಗ ಅವರ ಕಣ್ಣು ಇಂಧನದ ಮುಳ್ಳಿನ ಮೇಲೆ ಬಿತ್ತು. ಕೆಂಪಿನ ಅಂಚಿಗೆ ಇಳಿದಿತ್ತು. ಡಿಪೋದಲ್ಲಿ ಹೊಸದಾಗಿ ಸೇರಿದವರಿಗೆ ಅವರು ಮೊದಲು ಹೇಳಿಕೊಡುತ್ತಿದ್ದ ಪಾಠವೇ ಅದು: ಖಾಲಿ ಟ್ಯಾಂಕ್ ಉಸಿರಾಡುತ್ತದೆ, ಹಗಲು ಗಾಳಿ ಹೊರಗೆ ಬಿಟ್ಟು ರಾತ್ರಿ ಒಳಗೆಳೆಯುತ್ತದೆ, ಗಾಳಿಯ ಜೊತೆ ತೇವ ಬರುತ್ತದೆ, ತೇವ ನೀರಾಗಿ ತಳ ಸೇರುತ್ತದೆ. ಅರ್ಧಕ್ಕಿಂತ ಕೆಳಗೆ ಟ್ಯಾಂಕನ್ನು ಬಿಟ್ಟವನು ಕೆಲಸ ಬಲ್ಲವನಲ್ಲ.

ಎದುರಿಗೇ ಬಂಕ್ ಇತ್ತು. ಮುಚ್ಚಳದ ಮೇಲೆ ನೀಲಿ ಟೇಪ್ ಇತ್ತು. ಡಿಪೋದವರು ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಬಾಗಿಲಿಗೆ ಅಂಟಿಸಿಕೊಂಡರು. ಮೂವತ್ತೆರಡು ಲೀಟರ್ ಸಾದಾ ಪೆಟ್ರೋಲ್ ಹಿಡಿಯಿತು. ಟೇಪನ್ನು ಮೊದಲಿದ್ದ ಜಾಗಕ್ಕೇ, ಸುಕ್ಕು ಬಾರದ ಹಾಗೆ ಒತ್ತಿ ಅಂಟಿಸಿದರು. ಶನಿವಾರ ಸಂಜೆ ಅವಳು ನಾಲ್ಕೂ ಸರದಿ ಓಡಿಸಿ ಬಂದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡರು. ಹೆಂಡತಿ ಬಟ್ಟೆಯ ಗಂಟು ಹೊತ್ತು ಬಂದಾಗ ಅವರು ಸಣ್ಣಗೆ ಶಿಳ್ಳೆ ಹಾಕುತ್ತ ಕೂತಿದ್ದರು.

ಆ ಶಿಳ್ಳೆ ಬಾಳಿದ್ದು ಶುಕ್ರವಾರದ ಊಟದವರೆಗೆ ಮಾತ್ರ. ಕೆಲಸದಿಂದ ಬರುತ್ತ ತೊಂಬತ್ತೆಂಟು ತುಂಬಿಸಿಕೊಂಡು ಬಾ ಎಂದು ಸೊಸೆ ಗಂಡನಿಗೆ ಹೇಳಿದ್ದಳು. ಅವನು ಕಾರಿನಲ್ಲಿ ಕೂತು ನೋಡಿದರೆ ಮುಳ್ಳು ಮೇಲೇ ಇದೆ. ಅವಳೇ ನಿನ್ನೆ ಸಂಜೆ ತುಂಬಿಸಿ ಮರೆತಿರಬೇಕು ಎಂದುಕೊಂಡು ನೇರ ಮನೆಗೆ ಬಂದ. ಊಟಕ್ಕೆ ಬಡಿಸುತ್ತ ಅವಳು ಟ್ಯಾಂಕ್ ಆಯ್ತಾ ಎಂದು ಕೇಳಿದಳು. ತುಂಬಿದೆ ಎಂದ ಅವನು, ತಟ್ಟೆಯಿಂದ ತಲೆ ಎತ್ತದೆ.

ಡಿಪೋದವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಸೊಸೆ ಅತ್ತೆಗೆ ನಾಳೆಯ ವಿಷಯ ಹೇಳುತ್ತಿದ್ದಳು. ಬಿಸಿಲು ಜೋರಂತೆ, ಮುಖ್ಯ ತರಬೇತುದಾರ ತಾನೇ ಗಡಿಯಾರ ಹಿಡಿದು ನಿಲ್ಲುತ್ತಾನಂತೆ. ಎಂಜಿನ್ ನಾಳೆ ಒಂದು ದಿನ ಮಾತು ಕೇಳಿದರೆ ಸಾಕು, ಆಮೇಲೆ ಆರು ತಿಂಗಳು ಅದನ್ನು ತೊಟ್ಟಿಲಲ್ಲಿ ತೂಗುತ್ತೇನೆ ಎಂದಳು. ಅತ್ತೆ ನಕ್ಕರು. ಮೊದಲನೆಯವನು ಅಷ್ಟು ಸುಲಭಕ್ಕೆ ಕೈಕೊಡುವವನಲ್ಲ ಎಂದರು. ಡಿಪೋದವರು ಅರ್ಧ ಊಟ ಬಿಟ್ಟು ಎದ್ದರು. ಹೊಟ್ಟೆ ಸರಿಯಿಲ್ಲ ಎಂದದ್ದಕ್ಕೆ ಹೆಂಡತಿ ಬಿಸಿನೀರು ಕೊಟ್ಟರು.

ಬೆಳಿಗ್ಗೆ ಐದೂವರೆಗೆ ಆಕೆ ಒಲೆ ಹಚ್ಚುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಡೆದದ್ದನ್ನೆಲ್ಲ ಹೇಳಿದರು. ಒಂದೇ ಪೆಟ್ರೋಲ್ ಅಂತ ನನಗೆ ಗೊತ್ತು, ಆದರೂ ಎಂದು ನಿಲ್ಲಿಸಿದರು.

“ಗೊತ್ತಿದ್ರೆ ನಿದ್ದೆ ಯಾಕೆ ಬರಲಿಲ್ಲ?” ಎಂದರು ಆಕೆ. ಹಾಲಿನ ಪಾತ್ರೆ ಇಳಿಸಿ ಒಲೆ ಆರಿಸಿದರು. “ಹೋಗಿ ಹೇಳಿ. ನಾನು ಹೇಳಲ್ಲ. ಈ ತಂತಿ ಇವತ್ತು ಕಡಿದಿದೆ.”

ಸೊಸೆ ಅಂಗಳದಲ್ಲಿ ಚಕ್ರದ ನಟ್ಟುಗಳನ್ನು ಬಿಗಿಮಾಡುತ್ತಿದ್ದಳು. ಡಿಪೋದವರು ಹತ್ತಿರ ಹೋಗಿ ನಿಂತರು. ಮೂರು ವಾರದ ಮೇಲೆ ಮೊದಲ ಮಾತು ಹೇಗೆ ಆಡುವುದೆಂದು ತಿಳಿಯದೆ, ಕೆಲಸಗಾರ ಮೇಲಿನವರಿಗೆ ವರದಿ ಒಪ್ಪಿಸುವ ಹಾಗೆ ಹೇಳಿದರು.

“ಟ್ಯಾಂಕ್ ತುಂಬಿಸಿದ್ದು ಅವನಲ್ಲ. ನಾನು. ಗುರುವಾರ.”

ಅವಳು ಸ್ಪ್ಯಾನರ್ ಹಿಡಿದಂತೆಯೇ ತಲೆ ಎತ್ತಿದಳು. “ಯಾವುದು?”

“ಸಾದಾ.”

“ಎಷ್ಟು?”

“ಮೂವತ್ತೆರಡು ಲೀಟರ್.”

“ಟೇಪ್ ಇತ್ತಲ್ಲ ಮಾವ.”

“ತೆಗೆದೆ. ಮತ್ತೆ ಅಂಟಿಸಿದೆ.”

ಅವಳು ಅಲ್ಲೇ ಟೈರಿನ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಉತ್ತರ ಕೊಡಲು ಏನಾದರೂ ಸಿಗುತ್ತಿತ್ತು. ಗಡಿಯಾರ ನೋಡಿದಳು, ಕಾರನ್ನು ನೋಡಿದಳು. ಸಾದಾ ಸೆಟ್ಟಿಂಗಿನಲ್ಲೇ ಓಡಿಸಬಹುದು, ಎಂಜಿನ್ ಉಳಿಯುತ್ತದೆ, ಆದರೆ ಹಿಂದಿನ ದಿನಗಳ ವೇಳೆಯ ಹತ್ತಿರಕ್ಕೂ ಬರುವುದಿಲ್ಲ. ಟ್ರ್ಯಾಕಿನ ಸೆಟ್ಟಿಂಗಿನಲ್ಲಿ ಓಡಿಸಿದರೆ ಈ ಬಿಸಿಲಿಗೆ ಎರಡನೇ ಸರದಿಯೊಳಗೆ ಪಿಸ್ಟನ್ ಒಡೆಯುತ್ತದೆ. ಅಷ್ಟನ್ನೂ ಅವಳು ಯಾರಿಗೂ ಹೇಳುತ್ತಿಲ್ಲವೆಂಬಂತೆ ಸಣ್ಣ ದನಿಯಲ್ಲಿ ಹೇಳಿಕೊಂಡಳು.

“ಹೊರಗೆ ತೆಗೆಯೋಣ,” ಎಂದರು ಡಿಪೋದವರು.

“ಪೈಪು ಇಳಿಬಿಟ್ಟು ಎಳೆಯಕ್ಕಾಗಲ್ಲ, ಬಾಯಲ್ಲಿ ತಡೆ ಇದೆ. ಮುಂದೆ ಎಂಜಿನ್ ಹತ್ರ ಪೆಟ್ರೋಲ್ ಲೈನ್ ಬಿಚ್ಚಿ, ಪಂಪು ಓಡಿಸಿ ತೆಗೀಬೇಕು.” ಅವಳು ಎದ್ದಿದ್ದಳು. “ಅರ್ಧ ಗಂಟೆ ಬೇಕು. ಮನೇಲಿರೋದು ಹತ್ತು ಲೀಟರಿನ ಎರಡು ಕ್ಯಾನು.”

“ಪ್ಲಾಸ್ಟಿಕ್ ಬಕೆಟ್ ಬೇಡ. ಫೋನ್ ಒಳಗಿಡು. ಮೊದಲು ಒಂದು ತಂತಿ ಕೊಡು, ಕ್ಯಾನಿಂದ ಕಾರಿನ ಮೈಗೆ ಕಟ್ತೀನಿ, ಕಿಡಿ ಹಾರಬಾರದು,” ಎಂದರು ಡಿಪೋದವರು. ಆ ಹೊತ್ತಿಗೆ ಅವರ ದನಿ ಸ್ವಲ್ಪ ಗಟ್ಟಿಯಾಗಿತ್ತು. ಸೊಸೆ ತಂತಿ ತಂದಳು. ಮಗ ಹಲ್ಲುಜ್ಜುತ್ತ ಹೊರಗೆ ಬಂದವನು ವಿಷಯ ಕೇಳಿ, ನಾನು ಒಂದು ಮಾತು ಕೇಳಬೇಕಿತ್ತು ಎಂದು ಹಣೆ ಚಚ್ಚಿಕೊಂಡ. ಅಮ್ಮ ಅವನ ಕೈಗೆ ಮಣ್ಣು ತುಂಬಿದ ಬಕೆಟ್ ಕೊಟ್ಟು, ಬೆಂಕಿಗಿಂಕಿ ಆದರೆ ಸುರಿಯಲು ನಿಲ್ಲಿಸಿದರು.

ಎರಡು ಕ್ಯಾನ್ ತುಂಬಿದವು. ಟ್ಯಾಂಕಿನಲ್ಲಿ ಇನ್ನೂ ಅಷ್ಟೇ ಉಳಿದಿತ್ತು. ಈಗ ಬೀದಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಯಾರು ಹೋಗಬೇಕೆಂದು ಯಾರೂ ಹೇಳಲಿಲ್ಲ. ಡಿಪೋದವರು ಒಂದೊಂದು ಕೈಗೆ ಒಂದು ಕ್ಯಾನ್ ಹಿಡಿದು ಗೇಟು ದಾಟಿದರು.

ಮೊದಲನೆಯದು ಬ್ರೆಡ್ ಅಂಗಡಿಯವನ ವ್ಯಾನು. ಅವನು ಬೆಳಗಿನ ಸರಕು ತುಂಬುತ್ತಿದ್ದ. ಇದನ್ನು ನಿನ್ನ ಗಾಡಿಗೆ ಸುರಿದುಕೋ ಎಂದು ಇವರು ಹೇಳಿದಾಗ, ಯಾಕೆ, ನೀರು ಸೇರಿದೆಯಾ ಎಂದು ಅನುಮಾನಪಟ್ಟ. ಇಲ್ಲ, ಒಳ್ಳೆಯ ಪೆಟ್ರೋಲ್, ಸೊಸೆಯ ಕಾರಿಗೆ ತಪ್ಪಿ ಹಾಕಿಬಿಟ್ಟೆ, ಅದಕ್ಕೆ ಬೇರೆ ಬೇಕು ಎಂದರು.

ಬ್ರೆಡ್ಡಿನವನು ಸೊಂಟದ ಮೇಲೆ ಕೈಯಿಟ್ಟು ನಿಂತ. “ಎಲ್ಲ ಒಂದೇ ಅಂತಿದ್ರಲ್ಲ ಯಜಮಾನ್ರೇ. ಹೋದ ವರ್ಷ ನಾನು ತೊಂಬತ್ತೈದು ಹಾಕಿಸ್ತೀನಿ ಅಂದಾಗ ಈ ಗೇಟ್ ಮುಂದೆ ಅರ್ಧ ಗಂಟೆ ನಿಲ್ಲಿಸ್ಕೊಂಡು ಬೈದ್ರಿ.”

“ನಿನ್ನ ವ್ಯಾನಿಗೆ ಸಾದಾದೇ ಸಾಕು. ಅವಳ ಕಾರಿಗೆ ಸಾಲದು.” ಕ್ಯಾನಿನ ಮುಚ್ಚಳ ತೆಗೆದರು. “ಒಂದೇ ಅಲ್ಲ. ನಾನು ನೋಡಿದ್ದು ಒಂದು ಡಿಪೋ.”

ಆ ಮಾತು ಮೊದಲ ಸಲ ಕಷ್ಟಪಟ್ಟು ಹೊರಬಂದಿತ್ತು. ಎರಡನೆಯದು ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿನ ಸ್ಕೂಟರ್, ಅದಕ್ಕೆ ಹಿಡಿದದ್ದು ನಾಲ್ಕೇ ಲೀಟರ್. ಅಲ್ಲಿ ಅದು ಸಲೀಸಾಗಿ ಬಂತು. ಶಾಲೆಯ ವ್ಯಾನಿನ ಡ್ರೈವರ್ ಬಾಗಿಲು ತೆರೆಯುವ ಮೊದಲೇ ಹೇಳಿಬಿಟ್ಟರು. ಅವನು ದುಡ್ಡು ಕೊಡಲು ಬಂದ, ಬೇಡವೆಂದರು. ಖಾಲಿ ಕ್ಯಾನ್ ಹಿಡಿದು ಬಂದರು, ಮತ್ತೆ ಎರಡನ್ನೂ ತುಂಬಿಸಿಕೊಂಡು ಹೋದರು. ಏಳು ಗಂಟೆಯ ಹೊತ್ತಿಗೆ ಬೀದಿಯ ಅರ್ಧಕ್ಕೆ ವಿಷಯ ಗೊತ್ತಾಗಿತ್ತು, ಉಳಿದರ್ಧಕ್ಕೆ ಬ್ರೆಡ್ಡಿನವನು ಬ್ರೆಡ್ಡಿನ ಜೊತೆ ಹಂಚಿದ್ದ.

ಪಂಪು ಬರೀ ಗಾಳಿ ಎಳೆಯುವ ಸದ್ದು ಮಾಡಿದಾಗ ಸೊಸೆ ಲೈನ್ ಜೋಡಿಸಿ ಬಾನೆಟ್ ಮುಚ್ಚಿದಳು. ತೊಂಬತ್ತೆಂಟು ಸಿಗುವ ಕಾಲುವೆಯಾಚೆಯ ಬಂಕಿನವರೆಗೆ ಹೋಗಲು ಎರಡು ಲೀಟರ್ ವಾಪಸ್ ಸುರಿದರು. ಅಷ್ಟು ಬೆರೆತರೆ ಪರವಾಗಿಲ್ಲವಾ ಎಂದು ಡಿಪೋದವರು ಕೇಳಿದರು. ತುಂಬಿದ ಟ್ಯಾಂಕಿಗೆ ಅಷ್ಟು ನಡೆಯುತ್ತೆ ಎಂದಳು. ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ. ಅತ್ತೆ ಕಿಟಕಿಯಿಂದ ಬುತ್ತಿ ಒಳಗೆ ಹಾಕಿದರು, ಅಷ್ಟರಲ್ಲಿ ಕಾರು ಹೊರಟಿತ್ತು.

ಆ ದಿನ ಡಿಪೋದವರು ಅಂಗಳ ತೊಳೆದರು. ತೊಳೆದ ಅಂಗಳವನ್ನು ಮತ್ತೆ ತೊಳೆದರು. ಮಧ್ಯಾಹ್ನ ಮಗನ ಫೋನಿಗೆ ಎರಡು ಸಾಲಿನ ಸಂದೇಶ ಬಂತು. ಬೆಳಗಿನ ಚಾಲಕರ ಸಭೆ ತಪ್ಪಿತು, ಸಭೆಗೆ ಇಲ್ಲದವರನ್ನು ಊಟದವರೆಗೆ ಟ್ರ್ಯಾಕಿಗೆ ಬಿಡುವುದಿಲ್ಲ. ಅಂದರೆ ನಾಲ್ಕರಲ್ಲಿ ಎರಡು ಸರದಿ ಹೋಗಿಯೇ ಹೋದವು.

ಸಂಜೆ ಆರಕ್ಕೆ ಕಾರು ಗೇಟಿನೊಳಗೆ ಬಂತು. ಮೂವರೂ ಹೊರಗೆ ನಿಂತಿದ್ದರು. ಸೊಸೆ ಇಳಿದು, ಕಾಲು ನೀಡಿ, ಮೊಣಕಾಲು ತಿಕ್ಕಿಕೊಂಡಳು. ಎರಡೇ ಸರದಿ ಓಡಿಸಿದೆ ಎಂದಳು. ಎಂಜಿನ್ ಒಂದು ಸಲವೂ ಬಡಿಯಲಿಲ್ಲ, ವೇಳೆ ಮೂರೂ ದಿನಗಳಲ್ಲಿ ಚೆನ್ನಾಗಿ ಬಂದದ್ದು ಇವತ್ತೇ. ಆದರೆ ನಿಯಮ ನಿಯಮವೇ ಎಂದನಂತೆ ಮುಖ್ಯ ತರಬೇತುದಾರ. ಮೂರು ವಾರ ಬಿಟ್ಟು ಇನ್ನೊಮ್ಮೆ ಬರಬೇಕು, ನಾಲ್ಕೂ ಸರದಿ. ಅಲ್ಲಿಯವರೆಗೆ ಆ ಜಾಗ ಖಾಲಿ ಇದ್ದರೆ ಅವಳಿಗೆ.

“ಇಲ್ಲದಿದ್ರೆ?” ಎಂದ ಮಗ.

“ಇಲ್ಲದಿದ್ರೆ ಇಲ್ಲ.”

ಡಿಪೋದವರು ಎಲ್ಲರ ಎದುರಿಗೇ ಹೇಳಿದರು. “ನನ್ನದು ತಪ್ಪಾಯ್ತಮ್ಮ. ನೀರು ಸೇರುತ್ತೆ ಅಂತ ತುಂಬಿಸಿದೆ ಅಂತ ನಾನೇ ಹೇಳ್ಕೊಂಡೆ. ಅದಲ್ಲ. ನೀನು ಓಡಿಸಿ ಬಂದ ಮೇಲೆ, ನೋಡು, ಸಾದಾದೇ ಸಾಕಾಯ್ತು ಅನ್ನೋಣ ಅಂತ ಇತ್ತು.”

ಸೊಸೆ ಕಾರಿನೊಳಗಿಂದ ಹೆಲ್ಮೆಟ್ ತೆಗೆದುಕೊಂಡಳು. ನನಗೆ ಗೊತ್ತಾಯ್ತು ಮಾವ, ಟೇಪು ಅಷ್ಟು ನೀಟಾಗಿ ಅಂಟಿಸಿದ್ದು ನೋಡಿಯೇ ಗೊತ್ತಾಯ್ತು ಎಂದಳು. ಅದರಲ್ಲಿ ಸಿಟ್ಟಿತ್ತು, ಬೆಳಗಿನಷ್ಟು ಇರಲಿಲ್ಲ. ಅತ್ತೆ ಅವಳ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು, ಮೊದಲು ಕೈಕಾಲು ತೊಳಿ, ಊಟ ಬಿಸಿಯಿದೆ ಎಂದು ಒಳಗೆ ಹೋದರು. ಮಗ ಹಿಂದೆಯೇ ಹೋದ.

ಡಿಪೋದವರು ಹೋಗಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನೂ ಬಿಸಿಯಿತ್ತು.

“ಬಡಿತ ಬಡಿತ ಅಂತೀಯಲ್ಲ,” ಎಂದರು. “ಆ ಸದ್ದು ಹೇಗಿರುತ್ತೆ?”

ಇಷ್ಟು ವಾರಗಳಲ್ಲಿ ಅವರು ಪೆಟ್ರೋಲಿನ ವಿಷಯದಲ್ಲಿ ಅವಳನ್ನು ಏನಾದರೂ ಕೇಳಿದ್ದು ಆ ದಿನವೇ. ಅವಳು ಅವರನ್ನೇ ನೋಡಿದಳು, ಅಣಕವೋ ನಿಜವೋ ಎಂದು. ಆಮೇಲೆ ಕಾರಿನ ಬಾಗಿಲು ತೆರೆದು ಹಿಂದಿನ ಸೀಟಿನಿಂದ ದೊಡ್ಡ ಹೆಡ್‌ಫೋನ್ ತೆಗೆದಳು. ಎಂಜಿನ್ನಿನ ಮೈಗೆ ಒಂದು ಮೈಕು ಬಿಗಿದು, ಓಡುವಾಗ ಅದರ ಸದ್ದನ್ನು ಹಿಡಿದಿಡುತ್ತಾರೆ, ಟ್ಯೂನರ್ ಕೂತು ಕೇಳುತ್ತಾನೆ ಎಂದಳು. ಮೊದಲನೆಯ ದಿನದ್ದು, ತೊಂಬತ್ತೈದು ಹಾಕಿದ ದಿನದ್ದು ನನ್ನ ಫೋನಿನಲ್ಲಿ ಇದೆ. ಮಾವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಹೆಡ್‌ಫೋನನ್ನು ಅವರ ನೆರೆತ ಕೂದಲಿನ ಮೇಲೆ ಸರಿಯಾಗಿ ಕೂಡಿಸಿದಳು.

ಮೊದಲು ಬರೀ ಆರ್ಭಟ. ಜೋರು ಹೊಳೆಯೊಳಗೆ ತಲೆ ಅದ್ದಿದ ಹಾಗೆ. ಏನೂ ತಿಳಿಯುತ್ತಿಲ್ಲ ಎಂದು ಅವರು ಕೈ ಅಲ್ಲಾಡಿಸಿದರು. ಆರ್ಭಟದ ಹಿಂದೆ ಕೇಳಿ ಎಂದು ಅವಳು ತುಟಿಯಲ್ಲೇ ಹೇಳಿದಳು. ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ, ಒಳಗೆಲ್ಲೋ, ಗಾಜಿಗೆ ಒಂದು ಕಲ್ಲುಹರಳು ತಾಗಿದಷ್ಟು ಸಣ್ಣ ಸದ್ದು. ಅವರು ಕಣ್ಣು ಮುಚ್ಚಿದಂತೆಯೇ ಒಂದು ಬೆರಳು ಎತ್ತಿದರು. ಅವಳ ಕೈಯಲ್ಲಿದ್ದ ಫೋನಿನ ಪರದೆಯ ಮೇಲೆ ಅದೇ ಕ್ಷಣಕ್ಕೆ ಬಡಿತ ಗುರುತಿಸುವ ಕೆಂಪು ಗೀಟು ಇತ್ತು.

ಮತ್ತೊಂದಕ್ಕೆ ಬೆರಳು ಎತ್ತಿದರು. ಮತ್ತೊಂದಕ್ಕೆ. ಒಂದು ತಪ್ಪಿಹೋಯಿತು, ಸೊಸೆ ಅವರ ಮಣಿಕಟ್ಟು ಒತ್ತಿ, ಇಲ್ಲಿ ಎಂದಳು.

ಒಳಗಿನಿಂದ ಅತ್ತೆ ಎರಡು ಸಲ ಊಟಕ್ಕೆ ಕರೆದರು. ಡಿಪೋದವರು ಹೆಡ್‌ಫೋನಿನ ಒಂದು ಕಡೆ ಸರಿಸಿ, ಇನ್ನೊಂದು ಸಲ ಮೊದಲಿಂದ ಹಾಕು, ಆ ತಪ್ಪಿದ್ದು ಯಾವುದು ನೋಡಬೇಕು ಎಂದರು.